ಜ್ಯೋತಿಶ್ರೀ ಡಿ.ಟಿ.ಪಿ.

ಶಿವಕೃಷ್ಣ ಕಂಪ್ಯೂಟರಿನ ಪಕ್ಕದ ತಗಡನ್ನು ಬಿಚ್ಚಿ ನೆಲಕ್ಕಿಟ್ಟು ಒಳಗೆ ಬಾಯಿಂದ ಊದಿದ. ಬೂದುಬಣ್ಣಕ್ಕೆ ತಿರುಗಿದ ಹತ್ತಿಯ ಎಳೆಗಳು ಎದ್ದು ಅವನ ರೆಪ್ಪೆಯ ಮೇಲೆ ಕೂತವು. ಆದೋನಿಯಲ್ಲಿ, ಅದೂ ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಅಂಗಡಿ ಇಟ್ಟ ಮೇಲೆ ಹತ್ತಿ ಎಲ್ಲದರೊಳಗೂ ಬರುತ್ತದೆ. ಪ್ರಿಂಟರಿನ ರೋಲರಿಗೆ, ಚಹಾದ ಲೋಟಕ್ಕೆ, ಫ್ಯಾನಿನ ರೆಕ್ಕೆಗೆ. ವಿಜಯಶ್ರೀ ಸೆರಗಿನಿಂದ ಮೂಗು ಮುಚ್ಚಿಕೊಂಡು ಅವನ ಬೆನ್ನ ಹಿಂದೆ ನಿಂತಿದ್ದಳು. ನಾಗಜ್ಯೋತಿ ಕೌಂಟರಿನಲ್ಲಿ ಯಾರದೋ ಆಧಾರ್ ಕಾರ್ಡು ಜೆರಾಕ್ಸ್ ಮಾಡುತ್ತ ಕಿವಿಯನ್ನು ಇತ್ತ ಕೊಟ್ಟಿದ್ದಳು.

"ಧೂಳಿಂದಲ್ಲಕ್ಕಾ," ಎಂದ ಶಿವಕೃಷ್ಣ. ಊರಿನ ಅರ್ಧ ಅಂಗಡಿಗಳ ಕಂಪ್ಯೂಟರು ರಿಪೇರಿ ಮಾಡುವವನು ಅವನೇ. "ಡಿಸ್ಕ್ ಹೋಗಾಕತ್ತೈತಿ. ಕಿವಿ ಇಟ್ಟು ಕೇಳ್ರಿ, ಕಟ್ ಕಟ್ ಅಂತೈತಿ. ಹೊಸಾ ಡಿಸ್ಕ್ ಹಾಕಿ, ಈ ಹಳೇ ವಿಂಡೋಸ್ ಸೆವೆನ್ ತಗದು ಹೊಸಾ ವಿಂಡೋಸ್ ಹಾಕಿಬಿಡ್ತೀನಿ. ಇನ್ನ ನಾಕೈದು ವರ್ಷ ಫಿಕರ್ ಇಲ್ಲ. ಆನ್‌ಲೈನ್ ಸೈಟೆಲ್ಲಾ ತೆಗೀತಾವು."

"ಕನ್ನಡ?"

"ಅದೇ ನೋಡ್ರಿ ಪ್ರಾಬ್ಲಂ. ನಿಮ್ಮ ಕನ್ನಡ ಸಾಫ್ಟ್‌ವೇರಿಗೂ ಈ ಡಿಸ್ಕಿಗೂ ಗಂಟು ಹಾಕ್ಯಾರ. ಡಿಸ್ಕ್ ಬದಲಾದ್ರ ಕಂಪನಿಯವರಿಗೆ ಫೋನ್ ಮಾಡಿ ಹೊಸಾ ನಂಬರ್ ಇಸ್ಕೋಬೇಕು. ಆ ಕಂಪನಿನೇ ಈಗಿಲ್ಲ. ಹೊಸಾ ವಿಂಡೋಸಿನಾಗ ಅದು ನಡಿಯಂಗೂ ಇಲ್ಲ." ಅವನು ರೆಪ್ಪೆ ಒರೆಸಿಕೊಂಡ. "ಹೊಸದರಾಗೂ ಕನ್ನಡ ಇರ್ತೈತಿ, ಪುಕ್ಕಟ. ಆದ್ರ ಕೀಬೋರ್ಡ್ ಬ್ಯಾರೆ. ಇಂಗ್ಲಿಷ್ ಅಕ್ಷರ ಒತ್ತಿದ್ರ ಕನ್ನಡ ಬೀಳ್ತೈತಿ. ನೀವು ಇಲ್ಲಿತನಕ ಹೊಡದ ಫೈಲ್ ಮಾತ್ರ ಓದಾಕ ಬರಂಗಿಲ್ಲ."

"ಹಿಂಗೇ ಬಿಟ್ರ?"

"ಹೋಗೋತನಕ ಹೋಗ್ತೈತಿ. ನಿಮ್ಮ ಕನ್ನಡ ಕೆಲಸ ನಡೀತೈತಿ, ಜ್ಯೋತಕ್ಕನ ಆನ್‌ಲೈನ್ ಕೆಲಸ ನಡಿಯಂಗಿಲ್ಲ. ಚೆಪ್ಪಂಡಿ, ಏಂ ಚೇದ್ದಾಂ, ಏನ್ ಮಾಡೋಣ?"

ಉತ್ತರ ಕೌಂಟರಿನಿಂದ ಬಂತು. "ಸದ್ಯ ಹಿಂಗೇ ಇರ್ಲಿ ಬಿಡು ಶಿವಾ," ಎಂದಳು ನಾಗಜ್ಯೋತಿ, ತಿರುಗದೆ. "ನಡಿಯೋ ಮಷೀನ್ ಯಾಕ ಕೆಡವೋದು."

ವಿಜಯಶ್ರೀಗೆ ಎದೆಯ ಭಾರ ಇಳಿದಂತಾಯಿತು. ಹಾಗೆ ಇಳಿದದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು.

ಅಂಗಡಿ ಈಗ ಇಬ್ಬರದೂ. ಬೋರ್ಡಿನ ಮೇಲೆ ಇಬ್ಬರ ಹೆಸರಿನ ಅರ್ಧರ್ಧ ಸೇರಿಸಿ ಜ್ಯೋತಿಶ್ರೀ ಡಿ.ಟಿ.ಪಿ. ಎಂದು ಬರೆಸಿದ್ದರು, ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ. ವಿಜಯಶ್ರೀ ಬಳ್ಳಾರಿಯಿಂದ ಮದುವೆಯಾಗಿ ಬಂದವಳು. ಮದುವೆಗೆ ಮುಂಚೆ ಅಲ್ಲಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕನ್ನಡ ಟೈಪು ಕಲಿತಿದ್ದಳು. ಆ ಟೈಪ್‌ರೈಟರಿನ ಅಕ್ಷರಗಳು ಇದ್ದ ಜಾಗದಲ್ಲೇ ಈ ಕಂಪ್ಯೂಟರಿನಲ್ಲೂ ಇದ್ದವು. ಅದಕ್ಕಾಗಿಯೇ ಆ ಸಾಫ್ಟ್‌ವೇರನ್ನು ಹುಡುಕಿಸಿ ತರಿಸಿದ್ದಳು. ಸಿರುಗುಪ್ಪದ ಕಡೆ ಬೀಗತನ ಮಾಡುವವರ ಲಗ್ನಪತ್ರಿಕೆ, ಗಡಿಯ ಹಳ್ಳಿಗಳ ಗುಡಿಗಳ ಕರಪತ್ರ, ಲಿಂಗಾಯತ ಮನೆಗಳ ಶಿವಗಣಾರಾಧನೆಯ ಕಾರ್ಡು, ಇವೆಲ್ಲ ಅವಳ ಕೈಯಿಂದಲೇ ಆಗಬೇಕು. ಆದೋನಿಯಲ್ಲಿ ತಪ್ಪಿಲ್ಲದೆ ಕನ್ನಡ ಕೂಡಿಸುವವರು ಬೇರೆ ಯಾರೂ ಉಳಿದಿರಲಿಲ್ಲ.

ನಾಗಜ್ಯೋತಿ ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವಳು, ಪೆದ್ದಹರಿವಾಣದ ಹುಡುಗಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಹೀಗಾಗಿ ಬಾಯಲ್ಲಿ ಕನ್ನಡವಿದ್ದರೂ ಕಣ್ಣಿಗೆ ಅದು ಹತ್ತುತ್ತಿರಲಿಲ್ಲ. ಮೊದಮೊದಲು ಜೆರಾಕ್ಸ್ ಕೆಲಸಕ್ಕೆ ಸೇರಿದವಳಿಗೆ ಮೌಸು ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ವಿಜಯಶ್ರೀಯೇ ಕಲಿಸಿದ್ದಳು. ಗಂಡ ಬಿಟ್ಟುಹೋದ ಮೇಲೆ ಜ್ಯೋತಿ ತೌರಿಗೆ ಹೋಗದೆ ಊರಲ್ಲೇ ನಿಂತದ್ದು ಈ ಅಂಗಡಿಯನ್ನು ನಂಬಿ. ಈಗ ತೆಲುಗು ಟೈಪು, ಕಾಲೇಜು ಅರ್ಜಿ, ಪಹಣಿ, ಪರೀಕ್ಷೆಯ ಹಾಲ್ ಟಿಕೆಟ್ಟು ಎಲ್ಲ ಅವಳ ಪಾಲು. ಇದ್ದ ಒಂದೇ ಕುರ್ಚಿಯಲ್ಲಿ ಸರದಿಯ ಮೇಲೆ ಕೂರುತ್ತಿದ್ದರು. ಇನ್ನೊಂದು ಕಂಪ್ಯೂಟರಿನ ಮಾತು ಹಿಂದೊಮ್ಮೆ ಬಂದು ಹೋಗಿತ್ತು. ಆದರೆ ದೊಡ್ಡ ಜೆರಾಕ್ಸ್ ಮಷೀನು ಬಂದ ಮೇಲೆ ಅಂಗಡಿಯಲ್ಲಿ ಕಾಲಿಡಲೂ ಜಾಗ ಉಳಿದಿರಲಿಲ್ಲ, ಇನ್ನೊಂದು ಖರ್ಚಿಗೆ ಧೈರ್ಯವೂ ಇರಲಿಲ್ಲ.

ಶಿವಕೃಷ್ಣ ಹೋದ ಮೇಲೆ ಇಬ್ಬರೂ ಆ ವಿಷಯ ಎತ್ತಲಿಲ್ಲ. ಮನೆಯಲ್ಲಿ ಗಂಡ ಉದಯಕುಮಾರ್, "ಹೊಸದು ಹಾಕಿಸಿಬಿಡ್ರಿ, ಕನ್ನಡ ಎಷ್ಟು ಕೆಲಸ ಬರ್ತೈತಿ ಈಗ?" ಎಂದಾಗ ವಿಜಯಶ್ರೀ, "ಫಾಂಟೆಲ್ಲಾ ಹೋಗ್ತಾವು, ಫೈಲೆಲ್ಲಾ ಹೋಗ್ತಾವು," ಎಂದಳು. ಅದು ಸುಳ್ಳಲ್ಲ. ಆದರೆ ನಿಜವಾದ ಕಾರಣವೂ ಅದಲ್ಲ.

ಹೋದ ವರ್ಷ ಬಳ್ಳಾರಿಗೆ ತಂಗಿಯ ಮನೆಗೆ ಹೋದಾಗ ತಂಗಿಯ ಮಗಳು ತನ್ನ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು, "ದೊಡ್ಡಮ್ಮಾ, ಇದರಾಗ ಕನ್ನಡ ಹೊಡಿ ನೋಡೋಣು" ಎಂದಿದ್ದಳು. ವಿಜಯಶ್ರೀ ನಗುತ್ತ ಬೆರಳಿಟ್ಟಳು. ತನ್ನ ಹೆಸರನ್ನು ಹೊಡೆದಳು. ತೆರೆಯ ಮೇಲೆ ಮೂಡಿದ್ದು ಹೆಸರಾಗಿರಲಿಲ್ಲ. ತಲೆಕಟ್ಟಿಲ್ಲದ ವ್ಯಂಜನಗಳು, ಯಾವ ಅಕ್ಷರಕ್ಕೂ ಸೇರದ ಒಂದು ಕೊಂಬು. ಅಳಿಸಿ ಮತ್ತೆ ಹೊಡೆದಳು, ಮತ್ತೆ ಹಾಗೇ. ಹುಡುಗಿ ನಕ್ಕಳು, ಕೆಟ್ಟ ನಗುವಲ್ಲ, ಮಕ್ಕಳು ನಗುವ ಹಾಗೆ. "ಹಂಗಲ್ಲ ದೊಡ್ಡಮ್ಮಾ, ಮೊದಲು ವಿ ಒತ್ತಬೇಕು, ಆಮೇಲೆ ಐ." ವಿಜಯಶ್ರೀ ಒಲೆಯ ಮೇಲೆ ಹಾಲಿದೆ ಎಂದು ಎದ್ದುಹೋಗಿದ್ದಳು. ಒಲೆಯ ಮೇಲೆ ಏನೂ ಇರಲಿಲ್ಲ. ಇಡೀ ಆಯುಷ್ಯದಲ್ಲಿ ತನಗೆ ಚೆನ್ನಾಗಿ ಬರುವುದು ಇದೊಂದೇ ಎಂದುಕೊಂಡಿದ್ದಳು. ಅದು ಆ ಒಂದು ಮಷೀನಿನಲ್ಲಿ ಮಾತ್ರ ಬರುತ್ತದೆ ಎಂದು ಆ ದಿನ ಗೊತ್ತಾಯಿತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಜ್ಯೋತಿಗಂತೂ ಹೇಳುವ ಮಾತೇ ಇರಲಿಲ್ಲ.

ಕಾಲೇಜುಗಳ ಅರ್ಜಿಯ ಕಾಲ ಬಂತು. ಜ್ಯೋತಿ ಎಮ್ಮಿಗನೂರಿಗೆ ನೇಕಾರರ ಸೊಸೈಟಿಯ ಲೆಟರ್‌ಹೆಡ್ಡುಗಳನ್ನು ಕೊಟ್ಟುಬರಲು ಹೋಗಿದ್ದ ಒಂದು ಬೆಳಗ್ಗೆ, ಗಾದಿಲಿಂಗಮ್ಮ ಮಗಳನ್ನು ಕರೆದುಕೊಂಡು ಅಂಗಡಿಯ ಮೆಟ್ಟಿಲ ಬಳಿ ನಿಂತಳು. ಪೆದ್ದಹರಿವಾಣದಲ್ಲಿ ಕುರಿ ಸಾಕುವ ಮನೆಯವಳು, ಜ್ಯೋತಿಯ ತೌರಿನ ಪಕ್ಕದ ಮನೆ. ಹುಡುಗಿ ಪ್ಲಾಸ್ಟಿಕ್ ಕವರಿನಲ್ಲಿ ಸರ್ಟಿಫಿಕೇಟುಗಳನ್ನು ಎದೆಗೆ ಅವಚಿಕೊಂಡಿದ್ದಳು.

"ಜ್ಯೋತಿ ಇಲ್ಲೇನ್ರೀ? ಇವತ್ತರ ಬಂದೈತೇನ್ರೀ ನೆಟ್ಟು?"

"ನೆಟ್ಟು? ಯಾವಾಗ ಹೋಗಿತ್ತು?"

"ಮೊನ್ನೆ ಬಂದಾಗ ನೆಟ್ಟಿಲ್ಲ ಅಂದ್ಲು. ನಿನ್ನೆ ಬಂದಾಗ ಸರ್ವರ್ ಡೌನ್ ಅಂದ್ಲು. ಬಾಜು ಅಂಗಡಿಗೆ ಹೋಗು ಅಂದ್ಲು. ಅಲ್ಲಿ ನೋಡಿದ್ರ ಜಾತ್ರಿ ಆಗೈತಿ, ಸಂಜಿತನ ಕೂತು ಬಸ್ಸು ಹೋಗ್ತೈತಂತ ವಾಪಸ್ ಹೋದ್ವಿ. ಇದಕ್ಕ ಪಾಲಿಟೆಕ್ನಿಕ್ ರ‍್ಯಾಂಕ್ ಬಂದೈತ್ರಿ. ಯಾವ ಕಾಲೇಜು ಬೇಕಂತ ಇವತ್ತು ಒತ್ತಿಲ್ಲಂದ್ರ ಸೀಟು ಹೋತು ಅಂತಾರ."

ವಿಜಯಶ್ರೀ ತಾನೇ ಕುರ್ಚಿಯಲ್ಲಿ ಕೂತು ಹುಡುಗಿ ಹೇಳಿದ ಸೈಟು ತೆಗೆಯಲು ನೋಡಿದಳು. ಒಂದು ಉಂಗುರ ಸುತ್ತಿತು, ಸುತ್ತುತ್ತಲೇ ಇತ್ತು. ಕಡೆಗೆ ಬಿಳಿಯ ಹಾಳೆಯೊಂದು ಬಂದು, ಈ ಬ್ರೌಸರು ಹಳೆಯದೆಂದು ತೆಲುಗಿನಲ್ಲಿ ಹೇಳಿತು. ಡಬ್ಬಿಯೊಳಗೆ ಡಿಸ್ಕು ಕಟಕಟ ಎಂದಿತು. ನೆಟ್ಟು ಚೆನ್ನಾಗಿಯೇ ಇತ್ತು.

ಅಂಗಡಿಗೆ ಅರ್ಧ ಶಟರು ಎಳೆದು ಅವಳು ಇಬ್ಬರನ್ನೂ ಕರೆದುಕೊಂಡು ಪಕ್ಕದ ಶ್ರೀರಾಮುಲುವಿನ ಇಂಟರ್‌ನೆಟ್ ಸೆಂಟರಿಗೆ ಹೋದಳು. ಹುಡುಗರು ಹೊರಗೆ ಬೈಕುಗಳ ಮೇಲೆಲ್ಲ ಕೂತಿದ್ದರು. ಶ್ರೀರಾಮುಲು ಮಧ್ಯವಯಸ್ಸಿನ ಸಾಧು ಮನುಷ್ಯ. ವಿಜಯಶ್ರೀಯನ್ನು ಕಂಡು ಎದ್ದು ನಿಂತ. ವಿಷಯ ಕೇಳಿ, ಹುಡುಗಿಯನ್ನು ಸರದಿ ತಪ್ಪಿಸಿ ತನ್ನ ಪಕ್ಕ ಕೂರಿಸಿಕೊಂಡ.

"ಮೀ ಜ್ಯೋತಿ ಎಲ್ಲಾ ಗಿರಾಕಿನೂ ನಮ್ಮ ಕಡೀಗೇ ಕಳಿಸ್ತಾ ಉಂದಮ್ಮಾ," ಎಂದ, ಕೀಲಿ ಒತ್ತುತ್ತಲೇ. "ನನಗೇ ಸಿಗ್ಗಾಯ್ತು. ನಮ್ಮಲ್ಲೇ ಬಂದು ಕೂತ್ಕೋ, ಎರಡನೇ ಸಿಸ್ಟಂ ನೀನೇ ನೋಡ್ಕೋ ಅಂತ ಕರದೆ. ರಾನು ಅಂದ್ಲು. ಮಾ ಅಕ್ಕ ಒಕ್ಕತೇ ಅವುತುಂದಿ ಅಂದ್ಲು."

ಬರುವುದಿಲ್ಲ, ನಮ್ಮಕ್ಕ ಒಬ್ಬಳೇ ಆಗುತ್ತಾಳೆ. ಹುಡುಗಿಯ ಅರ್ಜಿ ಮುಗಿದು, ಫೋನಿಗೆ ಮೆಸೇಜು ಬಂದು, ಗಾದಿಲಿಂಗಮ್ಮ ಅದನ್ನು ಎರಡೆರಡು ಸಲ ಓದಿಸಿ ಕೇಳುವವರೆಗೂ ವಿಜಯಶ್ರೀ ಗೋಡೆಗೆ ಒರಗಿ ನಿಂತಿದ್ದಳು.

ಮಧ್ಯಾಹ್ನ ಜ್ಯೋತಿ ಬಂದು ಬ್ಯಾಗು ಇಳಿಸಿದಳು. ಬಿಸಿಲಿಗೆ ಮುಖ ಕಂದಿತ್ತು. ವಿಜಯಶ್ರೀ ನೀರಿನ ಬಾಟಲಿ ಕೊಟ್ಟು, ಅವಳು ಕುಡಿದು ಮುಗಿಸುವವರೆಗೆ ಕಾದಳು.

"ಗಾದಿಲಿಂಗಮ್ಮ ಬಂದಿದ್ಲು."

ಜ್ಯೋತಿ ಬಾಟಲಿಯ ಮುಚ್ಚಳ ತಿರುಗಿಸುತ್ತ ನಿಂತಳು. "ಆಯ್ತಾ ಆ ಹುಡುಗಿದು?"

"ಆಯ್ತು. ಶ್ರೀರಾಮುಲು ಮಾಡಿಕೊಟ್ಟ. ಎಷ್ಟು ದಿನದಿಂದ ಹಿಂಗ ಹೇಳಾಕತ್ತಿ ಜ್ಯೋತಿ? ನೆಟ್ಟಿಲ್ಲ, ಸರ್ವರಿಲ್ಲ ಅಂತ?"

"ಏನ್ ಹೇಳ್ಲಿ ಮತ್ತ? ನಮ್ಮ ಸಿಸ್ಟಂ ಹಳೇದಾಗೈತಿ ಅಂದ್ರ ನಾಳೆ ಜೆರಾಕ್ಸಿಗೂ ಬರಂಗಿಲ್ಲ."

"ಶಿವಕೃಷ್ಣ ಬಂದಾಗ ಹೊಸದು ಹಾಕು ಅನ್ನಬೇಕಿತ್ತು ನೀನು."

"ನೀ ಅಂದೇನು?"

ಹೊರಗೆ ಹತ್ತಿಯ ಅಂಡಿಗೆ ತುಂಬಿದ ಲಾರಿಯೊಂದು ಓಣಿಯ ತಿರುವಿನಲ್ಲಿ ಹಿಂದೆ ಮುಂದೆ ಮಾಡುತ್ತಿತ್ತು.

"ಅಕ್ಕಾ, ನನಗ ಗೊತ್ತೈತಿ," ಜ್ಯೋತಿ ಮೆಲ್ಲಗೆ ಹೇಳಿದಳು. "ಅದು ಹೋದ್ರ ನಿನ್ನ ಕೆಲಸ ಹೋಗ್ತೈತಿ. ನಾ ಇದ್ದು ನಿನ್ನ ಕೆಲಸ ತಗೀಲೇನು? ನಾ ಬರೀ ಜೆರಾಕ್ಸ್ ಮಾಡಿದ್ರೂ ನಡೀತೈತಿ. ಸೀಸನ್ ಮುಗದ್ರ ಈ ಅರ್ಜಿ ಗದ್ಲನೂ ಮುಗೀತೈತಿ."

"ಕೆಲಸ ಹೋಗಂಗಿಲ್ಲ. ಹೊಸದರಾಗೂ ಕನ್ನಡ ಇರ್ತೈತಿ ಅಂದನಲ್ಲ ಅವ."

"ಮತ್ತ?"

ವಿಜಯಶ್ರೀ ಜೆರಾಕ್ಸ್ ಮಷೀನಿನ ಮೇಲಿನ ಹಾಳೆಗಳನ್ನು ಸಮ ಮಾಡಿದಳು. ಅವು ಸಮವಾಗಿಯೇ ಇದ್ದವು. "ನನಗ ಅದು ಬರಂಗಿಲ್ಲ," ಎಂದಳು. "ಬಳ್ಳಾರ್ಯಾಗ ಒಂದ್ ಸಲ ನೋಡಿದೆ. ನನ್ನ ಹೆಸರು ಹೊಡಿಯಾಕ ಬರಲಿಲ್ಲ ಜ್ಯೋತಿ. ತಂಗಿ ಮಗಳು ನಕ್ಕಳು. ಈ ವಯಸ್ಸಿನಾಗ ಮತ್ತ ಅ ಆ ಇ ಈಯಿಂದ ಕಲಿಯೋದಂದ್ರ... ಅದೂ ನಿನ್ನ ಮುಂದ."

ಜ್ಯೋತಿ ಅವಳ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಅಕ್ಕ ತನಗೆ ಬಾರದ್ದೊಂದನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. "ನನ್ನ ಮುಂದ ಅಂದ್ರ ಏನಾಯ್ತು?" ಎಂದಳು. "ನಾ ಬಂದ ಹೊಸದರಾಗ ಮೌಸ್ ಎತ್ತಿ ಗಾಳ್ಯಾಗ ಹಿಡದಿದ್ದೆ. ನೀ ನಕ್ಕಿದ್ದೇನು?"

"ನಕ್ಕಿದ್ದೆ. ನೀ ಮನಿಗೆ ಹೋದ ಮ್ಯಾಲೆ."

ಜ್ಯೋತಿಗೆ ನಗು ಬಂತು, ವಿಜಯಶ್ರೀಗೂ ಬಂತು. ನಗುತ್ತಲೇ ಅವಳು ಫೋನು ತೆಗೆದು ಶಿವಕೃಷ್ಣನ ನಂಬರು ಒತ್ತಿದಳು. ಅವನು ಎತ್ತುವಷ್ಟರಲ್ಲಿ ನಗು ನಿಂತಿತ್ತು. "ನಾಳೆ ಬಾ," ಎಂದಳು. "ಹೌದು, ಹೊಸದೇ."

ಶಿವಕೃಷ್ಣ ಬಂದು ಕೆಲಸ ಮುಗಿಸಲು ಅರ್ಧ ದಿನ ಹಿಡಿಯಿತು. ಹಳೆಯ ಫೈಲುಗಳನ್ನು ಹೇಗೋ ಎತ್ತಿ ಹೊಸ ಡಿಸ್ಕಿಗೆ ಹಾಕಿದ್ದ. ಅವನು ಹೋದ ಮೇಲೆ ವಿಜಯಶ್ರೀ ಅವುಗಳಲ್ಲೊಂದನ್ನು ತೆರೆದಳು. ಯಾರದೋ ಲಗ್ನಪತ್ರಿಕೆ. ಅಂಚಿನ ಬಳ್ಳಿ, ಮೇಲಿನ ಗಣಪತಿ, ಎರಡೂ ಇದ್ದಲ್ಲೇ ಇದ್ದವು. ನಡುವೆ ಶ್ರೀ ಇರಬೇಕಾದಲ್ಲಿ ಎರಡು ಅಂಕಿ, ಒಂದು ಗೀಟು, ಪರದೇಶದ ಯಾವುದೋ ಅಕ್ಷರ. ವಧುವಿನ ಹೆಸರು, ವರನ ಹೆಸರು, ಊರು, ಮುಹೂರ್ತ ಎಲ್ಲವೂ ಹಾಗೇ. ಇನ್ನೊಂದು ತೆರೆದಳು, ಅದೂ ಹಾಗೇ. ಹೊತ್ತು ಹೋಗುತ್ತಿದ್ದರೂ ಒಂದಾದ ಮೇಲೊಂದು ತೆರೆಯುತ್ತಲೇ ಇದ್ದಳು. ಜ್ಯೋತಿ ಹಿಂದಿನಿಂದ ಬಂದು ನೋಡಿ, ಚಹಾ ತರಲು ಹೋದಳು.

ಆ ವಾರ ಅಂಗಡಿ ತುಂಬಿತು. ಸೈಟುಗಳು ತಟ್ಟನೆ ತೆರೆಯುತ್ತಿದ್ದವು. ಹುಡುಗರು ಹುಡುಗಿಯರು ಮೆಟ್ಟಿಲವರೆಗೆ ನಿಂತರು. ವಿಜಯಶ್ರೀ ಜೆರಾಕ್ಸ್ ಮಾಡಿದಳು, ಫೋಟೋ ಕತ್ತರಿಸಿದಳು, ಲ್ಯಾಮಿನೇಷನ್ ಹಾಕಿದಳು. ಕುರ್ಚಿಯ ಕಡೆ ಹೋಗಲಿಲ್ಲ. ಸಂಜೆ ಜನ ಕಡಿಮೆಯಾದಾಗ ಜ್ಯೋತಿ, "ಕೂತ್ಕೋ ಅಕ್ಕಾ, ಸ್ವಲ್ಪ ನೋಡೋಣು," ಎಂದರೆ, "ನಾಳೆ" ಎನ್ನುತ್ತಿದ್ದಳು.

ಹಾಗಿರುವಾಗ ಮರಿಬಸಪ್ಪ ಬಂದ. ಮಾರ್ಕೆಟ್ಟಿನಲ್ಲಿ ಹತ್ತಿಯ ವ್ಯಾಪಾರ ಮಾಡಿ ಈಗ ಅಂಗಡಿಯನ್ನು ಮಕ್ಕಳಿಗೆ ಬಿಟ್ಟವನು. ಇಸ್ತ್ರಿ ಮಾಡಿದ ಧೋತರ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಲಗ್ನಪತ್ರಿಕೆಗೆ ಬರೆದು ತಂದ ಹಾಳೆ. ಮೊಮ್ಮಗಳ ಮದುವೆ, ವರ ಸಿರುಗುಪ್ಪದ ಕಡೆಯವನು.

"ನಮ್ಮೂರವರಿಗೆ ತೆಲುಗಿನಾಗ ಮಾಡ್ಸ್ಯಾರ ಹುಡುಗ್ರು," ಎಂದ. "ಬೀಗರ ಕಡಿಗೆ ಕನ್ನಡದಾಗ ಹೋಗಬೇಕು. ಅಲ್ಲಿಯವರು ತೆಲುಗು ಕಾರ್ಡ್ ತಿರುವಿ ಮುರುವಿ ನೋಡಿ ಇಡ್ತಾರವ್ವ. ಎರಡು ದಿನದಾಗ ಕೊಡ್ತಿ ಅಲ್ಲ?"

ವಿಜಯಶ್ರೀ ಬಾಯಿ ತೆರೆಯುವ ಮೊದಲು ಜ್ಯೋತಿ, "ಕೊಡ್ತೀವ್ರಿ, ಕೂತ್ಕೋರಿ," ಎಂದುಬಿಟ್ಟಳು. ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡು, "ನೀ ಓದು ಅಕ್ಕಾ, ನಾ ಒತ್ತತೀನಿ. ತೆಲುಗೂ ಹಿಂಗೇ ಹೊಡೀತೀನಲ್ಲ ನಾನು, ಇಂಗ್ಲಿಷ್ ಅಕ್ಷರದಾಗ," ಎಂದಳು.

ವಿಜಯಶ್ರೀ ಸ್ಟೂಲು ಎಳೆದು ಪಕ್ಕ ಕೂತಳು. "ಮದುವೆಯ," ಎಂದಳು. ಜ್ಯೋತಿಯ ಬೆರಳು ಆಡಿದವು, ತೆರೆಯ ಮೇಲೆ ಮದುವೆಯ ಎಂದು ಮೂಡಿತು. "ಮಮತೆಯ. ಕರೆಯೋಲೆ." ಕರೆಯೊಲೆ ಎಂದು ಬಿತ್ತು. "ದೀರ್ಘ ಹಾಕು. ಓ." "ಇದೇನು, ಕೊಂಬಿಗೆ ಬಾಲ ಬರಬೇಕಾ?" "ಹೂಂ, ಬಾಲ ಬರಬೇಕು." ಹೀಗೆ ಸಾಗಿತು. ಬಾಯಲ್ಲಿ ಹುಟ್ಟಿದಾಗಿನಿಂದ ಇದ್ದ ಮಾತುಗಳು ತನ್ನ ಬೆರಳಿನ ಕೆಳಗಿಂದ ಅಕ್ಷರವಾಗಿ ಬರುವುದನ್ನು ಜ್ಯೋತಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ತೆಲುಗು ಕಲಿತ ಕಣ್ಣಿಗೆ ಅರ್ಧ ಗುರುತು ಸಿಗುತ್ತಿತ್ತು, ತಲೆಕಟ್ಟಿನ ಹತ್ತಿರ ಬಂದು ತಪ್ಪುತ್ತಿತ್ತು. "ಇದು ಸ ಅಲ್ಲಾ? ನಮ್ಮದಕ್ಕ ಮ್ಯಾಲೆ ಟಿಕ್ ಇರ್ತೈತಿ."

ಪ್ರಿಂಟು ತೆಗೆದು ಕೊಟ್ಟಾಗ ಮರಿಬಸಪ್ಪ ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ಓದಿದ. "ಅಳಿಯ ಹೋಗಿ ಅಲಿಯ ಆಗ್ಯಾನ," ಎಂದ. ಜ್ಯೋತಿ ನಾಲಿಗೆ ಕಚ್ಚಿಕೊಂಡಳು. "ಅಕ್ಷರ ಸಪ್ಪಗದಾವು. ಮುಂಚೆ ಬಳ್ಳಿ ಬಳ್ಳಿ ಬರ್ತಿದ್ವು, ಅಲ್ಲ ವಿಜಯಮ್ಮ?"

"ಅವು ಈಗ ಇಲ್ರಿ."

"ಇರ್ಲಿ ಬಿಡು, ಓದಾಕ ಬಂದ್ರ ಆಯ್ತು." ಅವನು ಹಾಳೆಯನ್ನು ಮೇಜಿನ ಮೇಲಿಟ್ಟ. ಏನೋ ನೆನಪಾದವನಂತೆ ನಿಂತ. "ಮನಿಯಾಕಿ ಹೆಸರು ಬಿಟ್ಟು ಬರದೀನಿ ನೋಡು. ಮ್ಯಾಲೆ ಹಾಕ್ರಿ. ಲಿಂಗೈಕ್ಯ ಹೂವಮ್ಮನವರ ಆಶೀರ್ವಾದದೊಂದಿಗೆ ಅಂತ. ಹೋಗಿ ಇನ್ನ ವರ್ಷ ಆಗಿಲ್ಲ, ಇದೊಂದು ಮದುವಿ ನೋಡಬೇಕಂತಿದ್ಲು."

ಅಷ್ಟರಲ್ಲಿ ಕಾಲೇಜಿನ ಹುಡುಗರ ಒಂದು ಗುಂಪು ಮೆಟ್ಟಿಲು ಹತ್ತಿ ಬಂತು. ಜ್ಯೋತಿ ಕೌಂಟರಿಗೆ ಎದ್ದು ಹೋದಳು. ಕುರ್ಚಿ ಖಾಲಿಯಾಯಿತು. ಮರಿಬಸಪ್ಪ ಬೆತ್ತಕ್ಕೆ ಎರಡೂ ಕೈಯೂರಿ ತೆರೆಯನ್ನೇ ನೋಡುತ್ತ ನಿಂತಿದ್ದ. ವಿಜಯಶ್ರೀ ಸ್ಟೂಲಿನಿಂದ ಎದ್ದಳು. ಕುರ್ಚಿಯಲ್ಲಿ ಕೂತು ಸೆರಗು ಸಿಕ್ಕಿಸಿಕೊಂಡಳು. ಎರಡೂ ಕೈ ಕೀಬೋರ್ಡಿನ ಮೇಲೆ ತಾವಾಗಿ ಹೋಗಿ ಹಳೆಯ ಜಾಗದಲ್ಲಿ ನಿಂತವು. ಅವನ್ನು ಹಿಂದಕ್ಕೆ ತೆಗೆದಳು. ಬಲಗೈಯ ತೋರುಬೆರಳೊಂದನ್ನೇ ಚಾಚಿ, ಕೀಲಿಗಳ ಮೇಲಿನ ಇಂಗ್ಲಿಷ್ ಅಕ್ಷರಗಳಲ್ಲಿ ಬೇಕಾದ್ದನ್ನು ಹುಡುಕಿ ಒತ್ತಿದಳು. ತಲೆ ಎತ್ತಿ ನೋಡಿದಳು. ಲ್ ಎಂದು ಬಿದ್ದಿತ್ತು. ಇನ್ನೊಂದು ಒತ್ತಿದಳು. ಅದು ಲಿ ಆಯಿತು.

"ಆಂಟೀ, ಎಂತಸೇಪು? ಮಾಕು ಬಸ್ಸುಂದಿ," ಎಂದ ಒಬ್ಬ ಹುಡುಗ, ಇನ್ನೆಷ್ಟು ಹೊತ್ತು ಎಂಬಂತೆ ಕೌಂಟರಿನ ಮೇಲೆ ಬಾಗಿ. ಇನ್ನೊಬ್ಬ ಒಳಗೆ ಇಣುಕಿದ.

ಜ್ಯೋತಿ ಒಮ್ಮೆ ಹಿಂತಿರುಗಿ ನೋಡಿದಳು. ಗೋಡೆಗೆ ಹೊಂದಿಸಿದ್ದ ಬೆಂಚಿನ ಮೇಲಿನ ಪೇಪರು ಬಂಡಲುಗಳನ್ನು ಎತ್ತಿ ಕೆಳಗಿಟ್ಟು ಅವರಿಗೆ ಜಾಗ ಮಾಡಿದಳು.

"ಕೂರ್ಚೋಂಡಿ," ಎಂದಳು. "ಮೇಡಂ ಟೈಪ್ ಚೇಸ್ತುನ್ನಾರು."

ಮೇಡಂ ಟೈಪ್ ಮಾಡುತ್ತಿದ್ದಾರೆ. ಹುಡುಗರು ಕೂತರು. ವಿಜಯಶ್ರೀ ಮುಂದಿನ ಅಕ್ಷರವನ್ನು ಹುಡುಕುತ್ತಿದ್ದಳು.